ಶೇಕಡಾ ಇಳುವರಿ: ಭಾಗಿಸುವ ಮೊದಲು ಮೋಲ್ ಎಣಿಸಿ

ಶೇಕಡಾ ಇಳುವರಿಯ ಲೆಕ್ಕದಲ್ಲಿ ಕೊನೆಯ ಸಾಲು ಯಾರಿಗೂ ಕಷ್ಟವಲ್ಲ. ಸಿಕ್ಕ ತೂಕವನ್ನು ಸಿಗಬೇಕಿದ್ದ ತೂಕದಿಂದ ಭಾಗಿಸಿ, 100ರಿಂದ ಗುಣಿಸಿದರೆ ಆಯಿತು. ಮಾರ್ಕ್ಸ್ ಕೈತಪ್ಪುವುದು ಆ ‘ಸಿಗಬೇಕಿದ್ದ ತೂಕ’ ಹುಡುಕುವಾಗ.

ಲ್ಯಾಬ್‌ನಲ್ಲಿ ಮಾಡಿಸುವ ಆಸ್ಪಿರಿನ್ ಪ್ರಯೋಗವನ್ನೇ ತೆಗೆದುಕೊಳ್ಳೋಣ. 2.76 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 6 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ. ಕೊನೆಗೆ 2.88 ಗ್ರಾಂ ಒಣ ಆಸ್ಪಿರಿನ್ ಬಂತು ಅಂದುಕೊಳ್ಳಿ. ಸಲ್ಫ್ಯೂರಿಕ್ ಆಮ್ಲ ಬರೀ ವೇಗವರ್ಧಕ, ಅದನ್ನು ಲೆಕ್ಕದಿಂದ ಬಿಟ್ಟುಬಿಡಿ.

ಮೊದಲು ಸಮೀಕರಣ ಸರಿದೂಗಿಸಿ. ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ. ಇಲ್ಲಿ ಒಂದು ಮೋಲ್ ಸ್ಯಾಲಿಸಿಲಿಕ್ ಆಮ್ಲ ಒಂದು ಮೋಲ್ ಅನ್‌ಹೈಡ್ರೈಡ್ ಜೊತೆ ಸೇರಿ ಒಂದು ಮೋಲ್ ಆಸ್ಪಿರಿನ್ ಕೊಡುತ್ತದೆ.

ಆಮೇಲೆ ಎಲ್ಲವನ್ನೂ ಮೋಲ್‌ಗೆ ತನ್ನಿ. ಸ್ಯಾಲಿಸಿಲಿಕ್ ಆಮ್ಲದ ಮೋಲಾರ್ ತೂಕ, ಅಂದರೆ ಒಂದು ಮೋಲ್‌ನ ತೂಕ, 138 ಗ್ರಾಂ. ಹಾಗಾಗಿ 2.76 ÷ 138 = 0.02 ಮೋಲ್. ಅನ್‌ಹೈಡ್ರೈಡ್ ದ್ರವ, ಮಿ.ಲೀ.ಯನ್ನು ನೇರವಾಗಿ ಮೋಲ್ ಮಾಡಲಾಗದು. ಸಾಂದ್ರತೆ ಮಿ.ಲೀ.ಗೆ 1.08 ಗ್ರಾಂ ಇರುವುದರಿಂದ 6 × 1.08 = 6.48 ಗ್ರಾಂ. ಅದನ್ನು ಅನ್‌ಹೈಡ್ರೈಡ್‌ನ ಮೋಲಾರ್ ತೂಕ 102ರಿಂದ ಭಾಗಿಸಿದರೆ ಸುಮಾರು 0.064 ಮೋಲ್.

ಯಾವುದು ಮೊದಲು ಮುಗಿಯುತ್ತದೆ? ಸ್ಯಾಲಿಸಿಲಿಕ್ ಆಮ್ಲ. ಅದೇ ಲಿಮಿಟಿಂಗ್ ರಿಯೇಜೆಂಟ್. ಅನ್‌ಹೈಡ್ರೈಡ್ ಬೇಕಂತಲೇ ಜಾಸ್ತಿ ಹಾಕಿದ್ದು. ಅನುಪಾತ 1:1 ಅಲ್ಲದಿದ್ದರೆ, ಮೋಲ್‌ಗಳನ್ನು ಸಮೀಕರಣದ ಗುಣಾಂಕದಿಂದ ಭಾಗಿಸಿ ಹೋಲಿಸಿ.

0.02 ಮೋಲ್ ಆಮ್ಲಕ್ಕೆ 0.02 ಮೋಲ್ ಆಸ್ಪಿರಿನ್. ಆಸ್ಪಿರಿನ್‌ನ ಮೋಲಾರ್ ತೂಕ 180, ಅಂದರೆ 3.60 ಗ್ರಾಂ ಸಿಗಬೇಕಿತ್ತು. 2.88 ÷ 3.60 × 100 = ಶೇ 80.

ಇದೇ ಲೆಕ್ಕವನ್ನು ಅನ್‌ಹೈಡ್ರೈಡ್ ಹಿಡಿದು ಮಾಡಿದರೆ ಶೇ 25 ಬರುತ್ತದೆ. ಮೋಲ್ ಗೋಜೇ ಬೇಡವೆಂದು 2.88ನ್ನು 2.76ರಿಂದ ಭಾಗಿಸುವವರೂ ಇದ್ದಾರೆ. ಅವರಿಗೆ ಶೇ 104! ಇಲ್ಲದ್ದು ಎಲ್ಲಿಂದ ಬಂತು ಅಲ್ವಾ?

ಲೆಕ್ಕ ಸರಿಯಿದ್ದೂ 100 ದಾಟಿದರೆ ತಪ್ಪು ತಕ್ಕಡಿಯ ಮೇಲಿದೆ. ಹೆಚ್ಚಾಗಿ ಹರಳು ಪೂರ್ತಿ ಒಣಗಿರುವುದಿಲ್ಲ, ನೀರನ್ನೂ ಸೇರಿಸಿ ತೂಗಿರುತ್ತೀರಿ. ಇನ್ನೊಮ್ಮೆ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಕಡಿಮೆ ಬರಲು ಕಾರಣ ಹಲವು: ಫಿಲ್ಟರ್ ಕಾಗದಕ್ಕೆ ಅಂಟಿದ್ದು, ತೊಳೆಯುವ ನೀರಿನಲ್ಲಿ ಕರಗಿಹೋದದ್ದು. ತೊಳೆಯಲು ಐಸ್‌ನಂಥ ತಣ್ಣೀರನ್ನೇ, ಅದೂ ಸ್ವಲ್ಪವೇ ಬಳಸಿ.

ಶೇ 80 ಬಂದರೂ ಅದೆಲ್ಲ ಆಸ್ಪಿರಿನ್ನೇ ಅನ್ನಲಾಗದು. ಒಂದು ಹರಳನ್ನು ಕರಗಿಸಿ ಫೆರಿಕ್ ಕ್ಲೋರೈಡ್ ಹನಿಸಿ. ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ.