ಬೀಜ ತೂರುವ ಗಾಳಿಕೊಳವೆ: ನಾನು ಮಾಡಿಕೊಂಡ ಬಗೆ

ಹರಿವೆ ಬೀಜವನ್ನು ಗೆರಸೆಯಲ್ಲಿ ಕೇರಿ ಪೂರ್ತಿ ಶುದ್ಧ ಮಾಡುವುದು ಪಳಗಿದ ಕೈಗೂ ಕಷ್ಟ. ಬೀಜವನ್ನು ಮುಚ್ಚಿರುವ ತೆಳು ಸಿಪ್ಪೆ ಹೆಚ್ಚುಕಡಿಮೆ ಬೀಜದಷ್ಟೇ ಅಗಲವಿರುವುದರಿಂದ ಜರಡಿ ಎರಡನ್ನೂ ಒಟ್ಟಿಗೇ ಇಳಿಸುತ್ತದೆ. ಮತ್ತೆ ಉಳಿಯುವ ಉಪಾಯ ಗಾಳಿ ಮಾತ್ರ. ನಮ್ಮ ಕಾಸರಗೋಡಿನ ಕಡೆ ಬೇಸಗೆಯ ಮಧ್ಯಾಹ್ನದ ಮೇಲೆ ಕಡಲಗಾಳಿ ಬರುತ್ತದೆ, ನಿಜ. ಆದರೆ ಅಂಗಳಕ್ಕೆ ತಲಪುವಾಗ ಅದು ಒಮ್ಮೆ ಜೋರು, ಒಮ್ಮೆ ಇಲ್ಲವೇ ಇಲ್ಲ. ಬೀಜ ಬೇರ್ಪಡಿಸಲು ಒಂದೇ ಹದದಲ್ಲಿ ನಿಂತ ಗಾಳಿ ಬೇಕು. ಅದಕ್ಕಾಗಿ ಮಾಡಿಕೊಂಡದ್ದು ಈ ಕೊಳವೆ.

ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಗಾಳಿಯನ್ನು ಮೇಲಕ್ಕೆ ಎಳೆಯಬೇಕು, ಬೀಜವನ್ನು ನಡುವಿನಿಂದ ಬಿಡಬೇಕು. ಗಟ್ಟಿ ಬೀಜ ಗಾಳಿಯನ್ನು ಎದುರಿಸಿ ಕೆಳಗೆ ಬೀಳುತ್ತದೆ, ಸಿಪ್ಪೆ ಮತ್ತು ಜಳ್ಳು ಮೇಲೆ ಹೋಗಿ ಬಕೆಟಿಗೆ ಸೇರುತ್ತವೆ. ಕೆಳಗಿನಿಂದ ಊದಿದರೂ ಕೆಲಸ ಆಗುತ್ತದೆ. ಆದರೆ ಧೂಳೆಲ್ಲ ಮುಖಕ್ಕೆ ಬರುತ್ತದೆ, ಬೆಂಡೆಯ ಸುಂಗು ಮೈಯೆಲ್ಲ ತುರಿಸುತ್ತದೆ. ಹಾಗಾಗಿ ಎಳೆಯುವುದೇ ಒಳ್ಳೆಯದು.

ಕೊಳವೆಗೆ 75 ಮಿ.ಮೀ.ನ ಎಸ್‌ಡಬ್ಲ್ಯುಆರ್ ಪೈಪು, ಅಂದರೆ ಮನೆಯ ಕೊಳಕು ನೀರಿಗೆ ಹಾಕುವ ಬೂದು ಬಣ್ಣದ್ದು. ಇದರಲ್ಲಿ ರಬ್ಬರ್ ರಿಂಗ್ ಇರುವ ಜೋಡಣೆ ಕೇಳಿ ತನ್ನಿ. ಗಮ್ ಹಾಕದೆ ಕೂರುತ್ತದೆ, ಬೇಕಾದಾಗ ಬಿಚ್ಚಬಹುದು. ಬೀಜದ ಕೆಲಸದಲ್ಲಿ ಬಿಚ್ಚಿ ತೊಳೆಯಲು ಬರದ ಉಪಕರಣ ಇಟ್ಟುಕೊಳ್ಳಲೇಬಾರದು. ನಡುವೆ ಒಂದು 'ವೈ' ಜೋಡಣೆ, ಅದರ ಕವಲು ಓರೆಯಾಗಿ ಮೇಲಕ್ಕೆ. ವೈ ಕೆಳಗೆ 60 ಸೆ.ಮೀ. ಪೈಪು, ಮೇಲೆ 40 ಸೆ.ಮೀ. ಬೀಜ ಮತ್ತು ಕಸ ಬೇರೆಯಾಗುವುದು ಕೆಳಗಿನ ಭಾಗದಲ್ಲಿಯೇ, ಅದನ್ನು ಗಿಡ್ಡ ಮಾಡಬೇಡಿ. ತಳದ ತುದಿಗೆ 110ಕ್ಕೆ 75ರ ರೆಡ್ಯೂಸರನ್ನು ಅಗಲದ ಬಾಯಿ ಕೆಳಗಿರುವಂತೆ ಸಿಕ್ಕಿಸಿದರೆ ಗಾಳಿ ಸುಳಿ ಕಟ್ಟದೆ ಒಳಗೆ ಬರುತ್ತದೆ. ಅದರ ಬಾಯಿಂದ ಐದಾರು ಸೆ.ಮೀ. ಕೆಳಗೆ ಬೀಜ ಬೀಳಲು ಅಗಲದ ಪಾತ್ರೆ.

ವೈ ಕೆಳಗಿನ ಪೈಪಿನಲ್ಲಿ 30 ಸೆ.ಮೀ. ಉದ್ದ, 3 ಸೆ.ಮೀ. ಅಗಲದ ಕಿಟಕಿ ಕೊರೆದು, ಸ್ಪೈರಲ್ ಬೈಂಡಿಂಗಿಗೆ ಬಳಸುವ ಪಾರದರ್ಶಕ ಹಾಳೆಯನ್ನು ಹೊರಗಿನಿಂದ ಸುತ್ತಿ ಟೇಪ್ ಹಾಕಿ. ಒಳಗೆ ನಡೆಯುವುದು ಕಾಣದಿದ್ದರೆ ಗಾಳಿಯ ಹದ ಹಿಡಿಯಲಾಗುವುದಿಲ್ಲ.

ಮೇಲಿನ ತುದಿಯಿಂದ ಎರಡು ಬೆಂಡ್ ಹಾಕಿ 20 ಲೀಟರಿನ ಪೈಂಟ್ ಬಕೆಟಿನ ಪಕ್ಕಕ್ಕೆ, ಮುಚ್ಚಳದಿಂದ ಒಂದು ಗೇಣು ಕೆಳಗೆ, ಓರೆಯಾಗಿ ಪೈಪು ಸೇರಿಸಿ. ಸುಮಾರು 30 ಸೆ.ಮೀ. ಅಗಲದ ಬಕೆಟಿನ ಅಡ್ಡಕೊಯ್ತ ಪೈಪಿನ 16 ಪಟ್ಟು, ಅಲ್ಲಿ ಗಾಳಿ ನಿಧಾನವಾಗಿ ಕಸ ತಳಕ್ಕೆ ಕೂರುತ್ತದೆ. ಮುಚ್ಚಳದ ನಡುವಿನಿಂದ 40 ಮಿ.ಮೀ. ಪೈಪು ಹೊರಡಬೇಕು. ಬಕೆಟಿನ ಒಳಗಿರುವ ಅದರ ತುದಿಗೆ ಸೊಳ್ಳೆಬಲೆಯಿಂದ ಮಾಡಿದ ಉದ್ದದ ಚೀಲ ಕಟ್ಟಿ. ಬಾಯಿಗೆ ಮಾತ್ರ ಬಲೆ ಕಟ್ಟಿದರೆ ಬೇಗ ಕಟ್ಟಿಕೊಂಡು, ಗೊತ್ತೇ ಆಗದಂತೆ ಗಾಳಿ ಇಳಿಯುತ್ತಾ ಹೋಗುತ್ತದೆ, ಕಸವೂ ಬೀಜದೊಟ್ಟಿಗೆ ಬೀಳತೊಡಗುತ್ತದೆ.

ಎಳೆಯಲು ಅಂಗಡಿಗಳಲ್ಲಿ ಧೂಳು ಹೊಡೆಯಲು ಬಳಸುವ 600 ವಾಟಿನ ಕೈ ಬ್ಲೋವರ್ ಸಾಕು, ಆದರೆ ಎಳೆಯುವ ಬಾಯಿ ಇರುವಂಥದ್ದೇ ಆಗಬೇಕು. ಅದರ ವೇಗ ಇಳಿಸಲು ಫ್ಯಾನಿನ ರೆಗ್ಯುಲೇಟರ್ ಜೋಡಿಸಬೇಡಿ, ಅದು ಅಷ್ಟು ವಾಟಿಗೆ ಮಾಡಿದ್ದಲ್ಲ, ಸುಟ್ಟುಹೋಗುತ್ತದೆ. ಬದಲಿಗೆ ಬಕೆಟಿಗೂ ಬ್ಲೋವರಿಗೂ ನಡುವಿನ 40 ಮಿ.ಮೀ. ಪೈಪಿನಲ್ಲಿ 6 ಸೆ.ಮೀ. ಉದ್ದ, 2 ಸೆ.ಮೀ. ಅಗಲದ ಕಿಂಡಿ ಕೊರೆದು, ಅದೇ ಪೈಪಿನ ಉದ್ದಕ್ಕೆ ಸೀಳಿದ ತುಂಡನ್ನು ಮೇಲಿನಿಂದ ತೊಡಿಸಿ. ತುಂಡನ್ನು ಜಾರಿಸಿ ಕಿಂಡಿ ತೆರೆದಷ್ಟೂ ಕೊಳವೆಯಲ್ಲಿ ಗಾಳಿ ಕಮ್ಮಿ, ಮುಚ್ಚಿದಷ್ಟೂ ಜಾಸ್ತಿ. ಮೋಟಾರಿಗೂ ಗಾಳಿ ಸಿಗುವುದರಿಂದ ಬಿಸಿ ಕಡಿಮೆ. ಎಲ್ಲೋ ಕಟ್ಟಿಕೊಂಡಾಗ ಬಕೆಟ್ ಒಳಕ್ಕೆ ಚಪ್ಪಟೆಯಾಗುವುದನ್ನೂ ಈ ಕಿಂಡಿ ತಪ್ಪಿಸುತ್ತದೆ. ಇಡೀ ಉಪಕರಣದಲ್ಲಿ ಹೆಚ್ಚು ಜಾಗ್ರತೆಯಿಂದ ಮಾಡಬೇಕಾದ ಭಾಗ ಇದೇ.

ಬೀಜ ಬಿಡಲು ವೈ ಕವಲಿಗೆ ಒಂದು ಮುಚ್ಚಳ, ಅದಕ್ಕೆ ತೂತು ಮಾಡಿ ತಲೆಕೆಳಗಾಗಿ ಸಿಕ್ಕಿಸಿದ ನೀರಿನ ಬಾಟ್ಲಿಯ ಮೇಲರ್ಧ. ಬಾಟ್ಲಿಯ ಬಿರಡೆಗಳಲ್ಲಿ ಬೇರೆಬೇರೆ ತೂತು: ಹರಿವೆಗೆ 4 ಮಿ.ಮೀ., ಬದನೆಗೆ 8, ಬೆಂಡೆಗೆ ಬಿರಡೆಯೇ ಬೇಡ. ಬಾಟ್ಲಿಯಲ್ಲಿ ಯಾವಾಗಲೂ ಬೀಜ ಇರಲಿ, ಖಾಲಿಯಾದರೆ ಗಾಳಿ ಆ ದಾರಿಯಿಂದಲೇ ನುಗ್ಗುತ್ತದೆ. ಒಮ್ಮೆಗೇ ಸುರಿದರೆ ಭಾರದ ಬೀಜ ಹೊಟ್ಟನ್ನೂ ಹೊತ್ತುಕೊಂಡು ಇಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಬ್ಲೋವರ್ ಚಾಲೂ ಮಾಡಿ ಪ್ರತಿ ಸಂದಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ತೂಕದ ದಾರ ಇಳಿಬಿಟ್ಟು ಕೊಳವೆ ನೆಟ್ಟಗಿದೆಯೇ ನೋಡಿ. ವಾಲಿದರೆ ಬೀಜ ಒಂದೇ ಗೋಡೆಗೆ ತಾಗಿ ಜಾರುತ್ತದೆ, ಗೋಡೆಯ ಬದಿಯಲ್ಲಿ ಗಾಳಿ ಮಂದ.

ಕೊಳವೆಗೆ ಹಾಕುವ ಮೊದಲು ಜರಡಿ ಹಿಡಿಯಲೇಬೇಕು. ಗಾಳಿಗೆ ಗೊತ್ತಾಗುವುದು ತೂಕಕ್ಕೂ ಮೈಯ ಅಗಲಕ್ಕೂ ಇರುವ ಹೊಂದಾಣಿಕೆ ಮಾತ್ರ. ಸಣ್ಣ ಗಟ್ಟಿ ಬೀಜವೂ ದಪ್ಪದ ಜಳ್ಳು ಬೀಜವೂ ಒಂದೇ ಗಾಳಿಗೆ ತೇಲಬಹುದು. ಗಾತ್ರ ಸಮ ಮಾಡಿ ಕೊಟ್ಟರೆ ಮಾತ್ರ ಜಳ್ಳು ಸರಿಯಾಗಿ ಹೋಗುತ್ತದೆ. ಬೀಜ ಚೆನ್ನಾಗಿ ಒಣಗಿರಬೇಕು, ಹಸಿ ಸಿಪ್ಪೆ ಭಾರವಾಗಿ ಬೀಜದ ಹಿಂದೆಯೇ ಬರುತ್ತದೆ. ಮುಳ್ಳುಸೌತೆ, ಬದನೆ ಬೀಜ ತೊಳೆದು ಒಣಗಿಸಿದಾಗ ಅಂಟಿಕೊಂಡಿರುತ್ತವೆ, ಉಜ್ಜಿ ಬಿಡಿಬಿಡಿ ಮಾಡಿ ಹಾಕಿ.

ಹದ ಹಿಡಿಯುವುದು ಹೀಗೆ: ಕಿಂಡಿ ಪೂರ್ತಿ ತೆರೆದು ಶುರುಮಾಡಿ, ಬೀಜ ಬೀಳುತ್ತಿರುವಾಗ ನಿಧಾನಕ್ಕೆ ಮುಚ್ಚುತ್ತಾ ಬನ್ನಿ. ಕಿಟಕಿಯಲ್ಲಿ ಒಂದೆರಡು ತುಂಬಿದ ಬೀಜ ತೇಲಿ ಮೇಲೆ ಹೋಗುವುದು ಕಂಡೊಡನೆ ಕೂದಲೆಳೆಯಷ್ಟು ತೆರೆಯಿರಿ. ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಬೆಳೆಯ ಹೆಸರು ಬರೆದಿಡಿ. ಸಂಜೆ ವೋಲ್ಟೇಜ್ ಇಳಿದರೆ ಆ ಗುರುತು ಸುಳ್ಳಾಗುತ್ತದೆ, ಬೆಳಗ್ಗೆ ಮಾಡುವುದು ಕ್ಷೇಮ.

ಒಣ ಹವೆಯಲ್ಲಿ ಹರಿವೆಯ ಸಿಪ್ಪೆ ಪೈಪಿನ ಒಳಗೆ ಅಂಟುವುದುಂಟು, ಪ್ಲಾಸ್ಟಿಕ್ಕಿನ ಮೈಗೆ ಸ್ಥಿರ ವಿದ್ಯುತ್ ಬರುವುದರಿಂದ. ತೆಳು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಎಳೆದು, ಒರೆಸದೆ ಒಣಗಲು ಬಿಟ್ಟರೆ ನಿಲ್ಲುತ್ತದೆ.

ಮುಳ್ಳುಸೌತೆಯ ಚಪ್ಪಟೆ ಜಳ್ಳು ಬಹಳ ಚೆನ್ನಾಗಿ ಹೋಗುತ್ತದೆ. ಅಲಸಂಡೆಯಲ್ಲಿ ಹೊಟ್ಟು, ಮುರುಟಿದ ಕಾಳು ಹೋಗುತ್ತವೆ, ಒಂದೇ ತೂತಿನ ಹುಳುಕು ಕಾಳು ಹೋಗುವುದಿಲ್ಲ, ಅದನ್ನು ಕೈಯಲ್ಲೇ ಆರಿಸಬೇಕು. ಬಕೆಟಿಗೆ ಹೋದದ್ದರಿಂದ ಒಂದಷ್ಟು ಬೀಜ ಆರಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ತುಂಬ ಮೊಳಕೆ ಬಂದರೆ ಗಾಳಿ ಹೆಚ್ಚಾಗಿದೆ, ಬಕೆಟಿನದ್ದನ್ನು ಕಿಂಡಿ ಸ್ವಲ್ಪ ತೆರೆದು ಮತ್ತೊಮ್ಮೆ ಬಿಡಿ. ಕೆಂಪು ಹರಿವೆ ಮುಗಿಸಿ ಹಸುರಿಗೆ ಕೈಹಾಕುವ ಮೊದಲು ಎಲ್ಲ ಜೋಡಣೆ ಬಿಚ್ಚಿ ಕೊಡವಿ. ಬೀಜ ಸಿಕ್ಕಿಕೊಳ್ಳುವುದು ರಬ್ಬರ್ ರಿಂಗಿನ ಸಂದಿಯಲ್ಲಿ.