ಹಳೆಯ ಟಿವಿಯ ಗೀಟುಗಳನ್ನು ಓದುವುದು ಹೇಗೆ?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿರುವ ದೊಡ್ಡಮ್ಮನ ಮನೆಯಲ್ಲಿ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಕಿಟಕಿಯಾಚೆ ಫ್ರೀ ಡಿಶ್‌ನ ತಟ್ಟೆ, ಬೆಳಗ್ಗೆಯಿಂದ ರಾತ್ರಿಯವರೆಗೆ ಚಂದನ ವಾಹಿನಿ. ಕಳೆದ ಮಳೆಗಾಲದಲ್ಲಿ ಪರದೆಯ ಮೇಲೆ ಚುಕ್ಕೆಗಳ ಎರಡು ಅಡ್ಡಪಟ್ಟೆಗಳು ಕಾಣಿಸಿಕೊಂಡು ನಿಧಾನವಾಗಿ ಮೇಲಕ್ಕೆ ಸರಿಯತೊಡಗಿದವು. ನೋಡಿದವರೆಲ್ಲ ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಟ್ಟುಬಿಡಿ ಎಂದರು. "ಇದರಲ್ಲಿ ಬಣ್ಣ ಇನ್ನೂ ಮಾಸಿಲ್ಲವಲ್ಲ ಮಗೂ, ಯಾಕೆ ಕೊಡಬೇಕು?" ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಅವರ ಮಾತು ಸರಿಯಾಗಿತ್ತು. ಟಿವಿಗೆ ಏನೂ ಆಗಿರಲಿಲ್ಲ.

ಹಳೆಯ ಟಿವಿಗೆ ಬಂದ ಸಂಕೇತವನ್ನು ಸೋಸುವ ಜಾಣತನವಿಲ್ಲ. ನಮ್ಮ ದೇಶದ ಹಳೆಯ ಟಿವಿಗಳ ಪಾಲ್ ಎಂಬ ಪ್ರಸಾರ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ತಂತಿಯಲ್ಲಿ ಏನು ಬರುತ್ತದೋ ಅದನ್ನು ಆ ಕ್ಷಣವೇ ಗೆರೆಗೆರೆಯಾಗಿ ಪರದೆಯ ಮೇಲೆ ಎಳೆದುಬಿಡುತ್ತದೆ. ಮಿಕ್ಸಿಯ ಕಿಡಿ ಬಂದರೆ ಕಿಡಿಯನ್ನೂ ಎಳೆಯುತ್ತದೆ. ಹಾಗಾಗಿ ಪ್ರತಿಯೊಂದು ಉಪಕರಣದ ಕೈಬರಹ ಪರದೆಯ ಮೇಲೆ ಬೇರೆಬೇರೆಯಾಗಿ ಮೂಡುತ್ತದೆ. ಅದನ್ನು ಓದಲು ಬಂದರೆ ಅರ್ಧ ರಿಪೇರಿ ಮುಗಿದಂತೆ.

ಮೊದಲು ಕಣ್ಣಿಟ್ಟು ನೋಡಿ

ಚಿತ್ರ ಚೌಕಚೌಕವಾಗಿ ಒಡೆಯುತ್ತಿದೆಯೇ, ನಿಂತುಹೋಗುತ್ತಿದೆಯೇ? ಹಾಗಿದ್ದರೆ ತೊಂದರೆ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಜಿಟಲ್ ಸಂಕೇತದಲ್ಲಿದೆ. ತಟ್ಟೆಯ ದಿಕ್ಕು, ಕೇಬಲ್, ಮಳೆನೀರು ಹೊಕ್ಕ ಕನೆಕ್ಟರ್ ಇವುಗಳನ್ನು ನೋಡಬೇಕು. ಚಿತ್ರ ಇಡಿಯಾಗಿದ್ದು ಅದರ ಮೇಲೆ ಚುಕ್ಕೆ, ಗೀಟು, ಅಲೆ ಹರಿಯುತ್ತಿದ್ದರೆ ತೊಂದರೆ ಬಾಕ್ಸ್‌ನಿಂದ ಈಚೆಗಿದೆ. ಈ ಲೇಖನ ಎರಡನೆಯದರ ಬಗ್ಗೆ.

ನಂತರ ಬಾಕ್ಸ್‌ನಿಂದ ಟಿವಿಗೆ ಹೋಗುವ ತಂತಿ

ಅನೇಕ ಮನೆಗಳಲ್ಲಿ ಬಾಕ್ಸ್‌ನಿಂದ ಟಿವಿಯ ಆಂಟೆನಾ ತೂತಿಗೇ ತಂತಿ ಹಾಕಿರುತ್ತಾರೆ. ಹೊರಗಿನ ಗಲಾಟೆ, ಅಂದರೆ ಬೇರೆ ಉಪಕರಣಗಳಿಂದ ಹೊಮ್ಮುವ ವಿದ್ಯುತ್ ತೊಂದರೆ, ಬಹಳ ಸುಲಭವಾಗಿ ಒಳನುಗ್ಗುವುದು ಈ ದಾರಿಯಲ್ಲಿ. ಟಿವಿಯ ಹಿಂದೆ ಅಥವಾ ಮುಂದೆ ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಅವುಗಳಿಗೆ ಎವಿ ಕೇಬಲ್ ಹಾಕಿ, ರಿಮೋಟಿನಲ್ಲಿ ಎವಿ ಒತ್ತಿ. ಆ ಕೇಬಲನ್ನು ಕರೆಂಟಿನ ವೈರುಗಳ ಜೊತೆ ಸುತ್ತಿ ಕಟ್ಟಬೇಡಿ, ಒಂದು ಗೇಣಾದರೂ ದೂರವಿರಲಿ. ಎಷ್ಟೋ ಸಲ ಗೀಟು ಇಷ್ಟರಲ್ಲೇ ಹೋಗುತ್ತದೆ.

ಒಂದೊಂದೇ ಆರಿಸಿ

ಗೀಟು ಕಾಣುತ್ತಿರುವಾಗಲೇ ಮನೆಯ ಒಂದೊಂದು ಉಪಕರಣವನ್ನೂ ಆರಿಸುತ್ತಾ ಹೋಗಿ. ಸ್ವಿಚ್ ಸಾಲದು, ಪ್ಲಗ್ ಕೀಳಿ. ಮೊಬೈಲ್ ಚಾರ್ಜರ್, ಇನ್ವರ್ಟರ್, ದೇವರ ಮನೆಯ ಪುಟ್ಟ ಎಲ್‌ಇಡಿ ಮಾಲೆ, ಯಾವುದನ್ನೂ ಬಿಡಬೇಡಿ. ಒಬ್ಬರು ಟಿವಿ ಮುಂದೆ ಕುಳಿತು, ಇನ್ನೊಬ್ಬರು ಓಡಾಡಿದರೆ ಹತ್ತು ನಿಮಿಷದ ಕೆಲಸ. ಇನ್ನೂ ಒಳ್ಳೆಯ ಸಾಧನವೆಂದರೆ ಸೆಲ್ ಹಾಕುವ ಟ್ರಾನ್ಸಿಸ್ಟರ್ ರೇಡಿಯೊ. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಕೈಯಲ್ಲಿ ಹಿಡಿದು ಕೋಣೆಕೋಣೆ ಸುತ್ತಿ. ತಪ್ಪಿತಸ್ಥ ಉಪಕರಣ ಹತ್ತಿರವಾದಂತೆ ಕರಕರ ಶಬ್ದ ಜೋರಾಗುತ್ತದೆ.

ದೊಡ್ಡಮ್ಮ ತಿಂಗಳುಗಟ್ಟಲೆ ಮಿಕ್ಸಿಯನ್ನೇ ಬೈಯುತ್ತಿದ್ದರು. ಮಿಕ್ಸಿಯದೂ ತಪ್ಪಿತ್ತು, ಆದರೆ ಬೇರೆ ರೀತಿಯದು. ಚಟ್ನಿ ಅರೆಯುವಾಗ ಪರದೆಯ ತುಂಬ ಬಿಳಿ ಚುಕ್ಕೆಗಳು ಚೆಲ್ಲಿದಂತೆ ಬರುತ್ತಿದ್ದವು, ನಿಲ್ಲಿಸಿದ ಕೂಡಲೇ ಮಾಯ. ಮಿಕ್ಸಿಯ ಮೋಟಾರಿನಲ್ಲಿ ಎರಡು ಕಾರ್ಬನ್ ಬ್ರಷ್‌ಗಳು ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜಿ ಕಿಡಿ ಹಾರಿಸುತ್ತವೆ. ಕತ್ತಲಲ್ಲಿ ಕೆಳಗಿನ ಗಾಳಿಕಿಂಡಿಯಿಂದ ನೋಡಿದರೆ ನೀಲಿ ಬೆಳಕು ಕಾಣುತ್ತದೆ. ಸಣ್ಣ ಕಿಡಿ ಸಹಜ. ಸುತ್ತಲೂ ಉಂಗುರದಂತೆ ಉರಿಯುತ್ತಿದ್ದರೆ ಬ್ರಷ್ ಸವೆದಿರಬಹುದು, ಮಿಕ್ಸಿ ರಿಪೇರಿಯವರ ಬಳಿ ಕಡಿಮೆ ಖರ್ಚಿನಲ್ಲಿ ಬದಲಾಗುತ್ತದೆ. ಫ್ರಿಜ್‌ನಲ್ಲಿ ಇಂತಹ ಬ್ರಷ್ ಇಲ್ಲ. ಅದು ಶುರುವಾಗುವಾಗ, ನಿಲ್ಲುವಾಗ ಒಮ್ಮೆ ಗೀಟು ಹಾಯುತ್ತದೆ ಅಷ್ಟೇ, ಅದನ್ನು ಬಿಟ್ಟುಬಿಡಿ.

ಮೇಲೆ ಸರಿಯುವ ಆ ಎರಡು ಪಟ್ಟೆಗಳ ಮೂಲ ಫ್ಯಾನಿನ ರೆಗ್ಯುಲೇಟರ್. ಗುಂಡನೆಯ ಗುಬ್ಬಿಯನ್ನು ಎಲ್ಲೆಂದರಲ್ಲಿ ನಿಲ್ಲಿಸಬಹುದಾದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟನ್ನು ಸೆಕೆಂಡಿಗೆ 100 ಸಲ ಕತ್ತರಿಸಿ ಕೊಡುತ್ತದೆ, ಏಕೆಂದರೆ ನಮ್ಮ ಕರೆಂಟ್ ಸೆಕೆಂಡಿಗೆ 50 ಆವರ್ತನದ್ದು, ಪ್ರತಿ ಆವರ್ತನದಲ್ಲಿ ಎರಡು ಏರಿಳಿತ. ಹಳೆಯ ಟಿವಿಯ ಕಿರಣ ಒಂದು ಚಿತ್ರವನ್ನು ಎರಡು ಸವರಿಕೆಯಲ್ಲಿ ಎಳೆಯುವುದರಿಂದ ಪರದೆಯನ್ನು ಮೇಲಿನಿಂದ ಕೆಳಗೆ ಸೆಕೆಂಡಿಗೆ 50 ಸಲ ಸವರುತ್ತದೆ. ಒಂದು ಸವರಿಕೆಯಲ್ಲಿ ಎರಡು ಕತ್ತರಿ ಏಟು, ಹಾಗಾಗಿ ಎರಡು ಪಟ್ಟೆ. ಕರೆಂಟಿನ ಲಯವೂ ಚಿತ್ರದ ಲಯವೂ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ಪಟ್ಟೆ ನಿಲ್ಲದೆ ಸರಿಯುತ್ತದೆ. ಪರೀಕ್ಷೆ ಬಹಳ ಸುಲಭ: ಫ್ಯಾನನ್ನು ಪೂರ್ತಿ ವೇಗಕ್ಕಿಡಿ. ಪಟ್ಟೆ ಮಂಕಾದರೆ ಅಥವಾ ಹೋದರೆ ಕಳ್ಳ ಸಿಕ್ಕಿದ. ಅದರ ಬದಲು ಟಕ್ ಟಕ್ ಎಂದು 1, 2, 3, 4 ಹಂತಗಳಲ್ಲಿ ತಿರುಗುವ, ಕೆಪಾಸಿಟರ್ ಇರುವ ರೆಗ್ಯುಲೇಟರ್ ಹಾಕಿಸಿ. ಅದು ಕರೆಂಟನ್ನು ಕತ್ತರಿಸುವುದಿಲ್ಲ. ದೊಡ್ಡಮ್ಮನ ಹಜಾರದಲ್ಲಿ ಅದನ್ನು ಹಾಕಿಸಿದ ಸಂಜೆಯೇ ಪಟ್ಟೆಗಳು ಹೋದವು.

ಮಿಣುಕುವ ಟ್ಯೂಬ್‌ಲೈಟ್‌ಗೆ ಹೊಸ ಸ್ಟಾರ್ಟರ್ ಹಾಕಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬಿನೊಳಗೆ ಗಲಾಟೆ ತಡೆಯುವ ಬಿಡಿಭಾಗಗಳನ್ನೇ ಖರ್ಚು ಉಳಿಸಲು ಹಾಕದೆ ಬಿಟ್ಟಿರುತ್ತಾರೆ. ಐಎಸ್‌ಐ ಗುರುತಿನ ಬಲ್ಬ್ ಹಾಕಿ ಹೋಲಿಸಿ. ಪರದೆಯ ಮೂಲೆಯಲ್ಲಿ ನೇರಳೆ ಅಥವಾ ಹಸಿರು ಮಚ್ಚೆ ಇದ್ದರೆ ಅದು ಕರೆಂಟಿನ ಗಲಾಟೆಯಲ್ಲ, ಪಕ್ಕದಲ್ಲಿಟ್ಟ ಸ್ಪೀಕರಿನ ಅಯಸ್ಕಾಂತ. ಸ್ಪೀಕರ್ ಸರಿಸಿ, ಟಿವಿಯನ್ನು ಮುಖ್ಯ ಸ್ವಿಚ್‌ನಿಂದಲೇ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿ. ಹಾಕಿದ ಕ್ಷಣ ಗುಂಯ್ ಎನ್ನುವ ಒಳಗಿನ ಸುರುಳಿ ಮಚ್ಚೆಯನ್ನು ಅಳಿಸುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆರಡು ಸಲ ಹೀಗೇ ಮಾಡಿ.

ಮೂಲ ಸಿಕ್ಕರೂ ಬದಲಿಸಲಾಗದ ಉಪಕರಣವಾದರೆ ಟಿವಿ ಮತ್ತು ಬಾಕ್ಸ್‌ಗೆ ಬೇರೆ ಸಾಕೆಟ್ ಕೊಡಿ, ಸಾಧ್ಯವಾದರೆ ಬೇರೆ ಎಂಸಿಬಿಯದು (ಮೀಟರ್ ಬಳಿಯ ಪೆಟ್ಟಿಗೆಯಲ್ಲಿ ತಾನಾಗಿ ಬೀಳುವ ಸ್ವಿಚ್). ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ವೈರಿನಲ್ಲಿ ಹರಿಯುವ ಗಲಾಟೆಯನ್ನು ತಡೆಯುವ ಫೆರೈಟ್ ಉಂಗುರ ಸಿಗುತ್ತದೆ. ಗಲಾಟೆ ಮಾಡುವ ಉಪಕರಣದ ವೈರನ್ನು, ಉಪಕರಣಕ್ಕೆ ಆದಷ್ಟು ಹತ್ತಿರದಲ್ಲಿ, ಉಂಗುರದೊಳಗೆ ಐದಾರು ಸುತ್ತು ಸುತ್ತಿ. ಟಿವಿಯ ಕಡೆ ಹಾಕುವುದಕ್ಕಿಂತ ಹುಟ್ಟುವಲ್ಲೇ ತಡೆಯುವುದು ಹೆಚ್ಚು ಫಲ ಕೊಡುತ್ತದೆ.

ಇವೆರಡನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ

ಯಾವುದಾದರೂ ಸ್ವಿಚ್ ಅಥವಾ ಸಾಕೆಟ್ ಮುಟ್ಟಿದಾಗ ಗೀಟು ಬಂದು ಹೋಗುತ್ತಿದ್ದರೆ, ಸುಟ್ಟ ವಾಸನೆ ಅಥವಾ ಬಿಸಿ ಇದ್ದರೆ, ಒಳಗೆ ತಂತಿ ಸಡಿಲವಾಗಿ ಕಿಡಿ ಹಾರುತ್ತಿದೆ. ಆಗ ಟಿವಿಯ ವಿಚಾರ ಬದಿಗಿಟ್ಟು ಆ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬೆಂಕಿ ಹುಟ್ಟುವುದು ಇಂತಹ ಜಾಗದಲ್ಲೇ. ಹಾಗೆಯೇ ಪಿಕ್ಚರ್ ಟ್ಯೂಬ್ ಟಿವಿಯ ಹಿಂಬದಿ ಮುಚ್ಚಳವನ್ನು ನೀವಾಗಿ ತೆಗೆಯಬೇಡಿ. ಬಣ್ಣದ ಟಿವಿಯ ಟ್ಯೂಬಿಗೆ 20 ಸಾವಿರ ವೋಲ್ಟ್‌ಗೂ ಹೆಚ್ಚು ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ಎಲ್ಲ ಆರಿಸಿದರೂ ಗೀಟು ಹೋಗಲಿಲ್ಲವೆಂದರೆ? ಟಿವಿ ಆರಿಸಿ, ಮನೆಯ ಮುಖ್ಯ ಸ್ವಿಚ್ಚನ್ನೇ ಇಳಿಸಿ, ಅದೇ ರೇಡಿಯೊ ಹಿಡಿದು ಗೋಡೆಗಳ ಹತ್ತಿರ ನಡೆಯಿರಿ. ಕರಕರ ಇನ್ನೂ ಕೇಳಿದರೆ ಗಲಾಟೆ ಪಕ್ಕದ ಮನೆಯದಿರಬಹುದು. ನಮ್ಮ ಚಾಳು, ಕಟ್ಟಡಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಇಟ್ಟಿಗೆ ಗೋಡೆ. ರೇಡಿಯೊವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿ, ಅವರ ಬಲ್ಬನ್ನೋ ಚಾರ್ಜರನ್ನೋ ಒಮ್ಮೆ ಆರಿಸಿ ಅವರ ಕಿವಿಗೇ ವ್ಯತ್ಯಾಸ ಕೇಳಿಸಿ.