ಮೂಗು ಕಟ್ಟಿದ ಸೆನ್ಸರ್

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿಗೆ ಹಾಕಿದರೆ ಕಾರು ತೆವಳುತ್ತಿತ್ತು. ಹಾಸನದ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದರೆ ಸಾಕು, ಎಂಜಿನ್ ಆಫ್. ಹಿಂದಿನವರ ಹಾರ್ನ್ ಬೇರೆ! 1.2 ಲೀಟರ್ ಪೆಟ್ರೋಲ್ ಗಾಡಿ, 90 ಸಾವಿರ ಕಿಲೋಮೀಟರ್ ಓಡಿದೆ. ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಸರಿಹೋಗಲಿಲ್ಲ. ಫ್ಯೂಯಲ್ ಪಂಪ್ ಹಾಕಿಸಿ ಅಂದರು. ರೇಟು ಕೇಳಿ, ಒಂದು ವಾರ ಬಿಟ್ಟು ಬರ್ತೀನಿ ಅಂತ ಹೇಳಿ ಬಂದೆ.

ವಿಡಿಯೋಗಳಲ್ಲೆಲ್ಲ ಎಂಎಎಫ್ (ಒಳಬರುವ ಗಾಳಿಯನ್ನು ಅಳೆಯುವ) ಸೆನ್ಸರ್ ತೊಳೆಯಿರಿ ಅನ್ನುತ್ತಾರೆ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ನನ್ನ ಗಾಡಿಯಲ್ಲಿ ಅದು ಇಲ್ಲವೇ ಇಲ್ಲ. ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಮೇಲಿನ ಮ್ಯಾಪ್ (ಎಂಎಪಿ) ಸೆನ್ಸರ್. ಅದು ಒಳಗಿನ ಒತ್ತಡ ನೋಡಿ ಹೇಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದರಿಂದ ಗಾಳಿಯ ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ.

ಸೆನ್ಸರಿನ ರೀಡಿಂಗನ್ನು ಫೋನಿನ ಆ್ಯಪಿಗೆ ಕಳಿಸುವ ಬ್ಲೂಟೂತ್ ಓಬಿಡಿ ರೀಡರ್ ಸಿಕ್ಕಿಸಿದೆ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದಿದ್ದಾಗ ಹೊರಗಿನ ವಾಯುಭಾರವೇ ಕಾಣಬೇಕು: ಮಂಗಳೂರಲ್ಲಾದರೆ 100 ಕಿಲೋಪ್ಯಾಸ್ಕಲ್ ಹತ್ತಿರ, ಹಾಸನದ ಎತ್ತರಕ್ಕೆ 90ರ ಆಸುಪಾಸು. 90 ಬಂತು. ಸೆನ್ಸರ್ ಸತ್ತಿಲ್ಲ ಅನ್ನುವುದು ಖಾತ್ರಿಯಾಯಿತು. ಆದರೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಫಕ್ಕನೆ ಒತ್ತಿದರೆ ಸಂಖ್ಯೆ ಆಕಳಿಸಿಕೊಂಡು ಏಳುತ್ತಿತ್ತು. (ಆ್ಯಪ್‌ನಲ್ಲಿ ಇದೊಂದೇ ರೀಡಿಂಗ್ ಇಟ್ಟುಕೊಳ್ಳಿ, ಹತ್ತಾರು ಇದ್ದರೆ ಆ್ಯಪೇ ನಿಧಾನ.)

ಬಿಚ್ಚಿ ನೋಡಿದರೆ ಸೆನ್ಸರಿನ ಮೂತಿ ತುಂಬಾ ಕಪ್ಪು ಅಂಟು. ಎಂಜಿನ್ನಿನೊಳಗಿನ ಆವಿಯನ್ನು ಗಾಳಿಯ ದಾರಿಗೆ ಬಿಡುವ ಬ್ರೀದರ್ ಪೈಪಿನಿಂದ ಬಂದ ಎಣ್ಣೆ ಆವಿ, ಜೊತೆಗೆ ಮಸಿ. ಪಿನ್ನು ಹಾಕಿ ಕೆರೆಯುವ ಆಸೆ ಆಗುತ್ತದೆ, ಬೇಡ. ಒಳಗಿರುವುದು ತೆಳು ಪೊರೆ. ಕಾರ್ಬ್ಯುರೇಟರ್ ಕ್ಲೀನರ್ ಕೂಡ ಬೇಡ, ಪ್ಲಾಸ್ಟಿಕ್ ಹಾಳಾಗಬಹುದು. ಸೆನ್ಸರ್ ಕ್ಲೀನರನ್ನೇ ತಂದು, ಮೂತಿ ಕೆಳಗೆ ಮಾಡಿ, ಕೊಳೆ ಇಳಿದು ಹೋಗುವ ಹಾಗೆ ಮೂರು ಸಲ ಹೊಡೆದೆ. ಅರ್ಧ ಗಂಟೆ ತಾನಾಗಿ ಒಣಗಲು ಬಿಟ್ಟೆ. ಓ-ರಿಂಗ್ ಸೆಟೆದುಕೊಂಡಿತ್ತು, ಹೊಸದು ಹಾಕಿದೆ.

ಕೈ ಕೊಳೆಯಾಗಿತ್ತಲ್ಲ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಬಾಡಿಯನ್ನೂ ಅದರ ಕ್ಲೀನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಕೀ ಆನ್ ಇರುವಾಗ ಅಲ್ಲಿ ಬೆರಳು ಇಡಬೇಡಿ, ಮೋಟರು ಅದರೊಳಗಿನ ಪ್ಲೇಟನ್ನು ಮುಚ್ಚೀತು.

ಸ್ಟಾರ್ಟ್ ಮಾಡಿದರೆ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) 1,400 ಆರ್‌ಪಿಎಂ! ಎದೆ ಧಸಕ್ಕೆಂದಿತು. ಮಸಿ ಕಟ್ಟಿದ್ದಾಗ ಪ್ಲೇಟನ್ನು ಸ್ವಲ್ಪ ಹೆಚ್ಚೇ ತೆರೆಯುವುದನ್ನು ಇಸಿಯು ಕಲಿತುಬಿಟ್ಟಿತ್ತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮತ್ತೆ ಹಾಕಿ, ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟೆ. ನನ್ನದು 800ಕ್ಕೆ ಇಳಿಯಿತು; ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ.

ಮುಂದಿನ ಭಾನುವಾರ ಘಾಟಿಯ ಮೇಲ್ತುದಿಯ ದೋಣಿಗಾಲಿನವರೆಗೂ ಮೂರನೇ ಗೇರಲ್ಲಿ ಹತ್ತಿತು. ಇನ್ನು ಆ ಎಣ್ಣೆ ಆವಿಯನ್ನು ಹತೋಟಿಯಲ್ಲಿಡುವ ಪಿಸಿವಿ ವಾಲ್ವ್ ನೋಡಬೇಕು. ಎಣ್ಣೆ ಅಲ್ಲಿಂದಲೇ ಬರುತ್ತಿದ್ದರೆ ಮೂತಿ ಮತ್ತೆ ಕಟ್ಟುತ್ತದೆ.